ಭಾನುವಾರದ ಬೈಬಲ್ ಅಧ್ಯಯನಕ್ಕೆ ಓದಿಕೊಂಡು ಬನ್ನಿ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಭಾನುವಾರ ಆರಾಧನೆ ಮುಗಿದ ಮೇಲೆ ಹಾಸನದ ನಮ್ಮ ಯುವಜನರ ಅಧ್ಯಯನ ಇದೆ. ಮೊನ್ನೆ ಗುಂಪಿನಲ್ಲಿ ಬಂದ ಪ್ರಶ್ನೆಯನ್ನೇ ಎತ್ತಿಕೊಳ್ಳೋಣ: ಅಪ್ಪ ಅಮ್ಮ ವಿಶ್ವಾಸಿಗಳು, ಚಿಕ್ಕಂದಿನಲ್ಲೇ ದೀಕ್ಷಾಸ್ನಾನವೂ ಆಗಿದೆ, ರಕ್ಷಣೆಗೆ, ಅಂದರೆ ಪಾಪದಿಂದ ಬಿಡುಗಡೆಗೆ, ಅಷ್ಟು ಸಾಲದೇ?

ಎಫೆಸ 2:8-10, ಯಾಕೋಬ 2:14-26 ಓದಿಕೊಂಡು ಬನ್ನಿ. ಎಫೆಸದ 8, 9ನೇ ವಚನ ಎಲ್ಲರಿಗೂ ಬಾಯಿಪಾಠ. 10ಕ್ಕೆ ಬರುವಷ್ಟರಲ್ಲಿ ಪುಸ್ತಕ ಮುಚ್ಚಿರುತ್ತೇವೆ, ಸತ್ಕ್ರಿಯೆಗಳ ಮಾತು ಇರುವುದು ಅಲ್ಲೇ! ರಕ್ಷಣೆ ದೇವರ ವರ. ನಂಬಿಕೆ ಅದಕ್ಕೆ ತೆರುವ ಬೆಲೆಯಲ್ಲ, ತೆಗೆದುಕೊಳ್ಳಲು ಚಾಚುವ ಕೈ. ಆ ಕೈ ಅಪ್ಪನದ್ದಾದರೆ ಆಗದು, ನಮ್ಮದೇ ಆಗಬೇಕು ಅನ್ನುವುದು ನನ್ನ ವಾದ. ಒಪ್ಪದವರು ವಚನ ಹಿಡಿದು ಬನ್ನಿ.

ನಂಬಿಕೆಯಿಂದಲೋ ಸತ್ಕ್ರಿಯೆಯಿಂದಲೋ ಅನ್ನುವ ವಿಷಯದಲ್ಲಿ ಕ್ಯಾಥೊಲಿಕರೂ ಲುಥರನ್ನರೂ (ಮಾರ್ಟಿನ್ ಲೂಥರ್ ಪಂಥದ ಪ್ರೊಟೆಸ್ಟಂಟರು) 1999ರಲ್ಲೇ ಜಂಟಿ ಘೋಷಣೆಗೆ ಸಹಿ ಹಾಕಿದ್ದಾರೆ, ಹಳೇ ಜಗಳ ಇಲ್ಲಿ ಬೇಡ. ಸಕಲೇಶಪುರದವರು ಕಾಫಿ ಕೊಯ್ಲಿದ್ದರೆ ತಡವಾಗಿ ಬಂದರೂ ಸರಿ.