ಸಾವಯವ ಕಾಫಿಯ ಡೈರಿ ಬರೆಯುವವರಿಗೂ ಸಂಬಳ ಬೇಕು

ಕೇಂದ್ರ ವಾಣಿಜ್ಯ ಸಚಿವರೂ ಮುಂಬೈ ಉತ್ತರದ ಸಂಸದರೂ ಆದ ಶ್ರೀ ಪೀಯೂಷ್ ಗೋಯಲ್ ಅವರಿಗೆ,

ಮಾನ್ಯರೇ,

ಬೊರಿವಲಿ, ಕಾಂದಿವಲಿ, ಮಲಾಡ್ ಕಡೆ ಕಾಫಿಪುಡಿ ಮಾರುವ ಕನ್ನಡಿಗರು ನಾವು, ನಿಮ್ಮ ಮತದಾರರು. ಕಾಫಿ ಮಂಡಳಿಯೂ ಸಾವಯವ ಪ್ರಮಾಣೀಕರಣ ನೋಡಿಕೊಳ್ಳುವ ಅಪೆಡಾವೂ ನಿಮ್ಮ ಸಚಿವಾಲಯದಲ್ಲೇ ಇರುವುದರಿಂದ ಈ ಪತ್ರ.

ಕೊಡಗು, ಚಿಕ್ಕಮಗಳೂರು, ಹಾಸನದ ಎರಡು ಮೂರು ಎಕರೆಯ ಬೆಳೆಗಾರರು ಸಾವಯವ ಪ್ರಮಾಣಪತ್ರದ ಖರ್ಚನ್ನು ಒಬ್ಬೊಬ್ಬರೇ ಹೊರಲಾರರು. ಅದಕ್ಕೇ 25ರಿಂದ 500 ಬೆಳೆಗಾರರ ಗುಂಪಿಗೆ ಒಂದೇ ಪ್ರಮಾಣಪತ್ರ ಕೊಡುವ ಏರ್ಪಾಡಿದೆ. ಪ್ರತಿ ತೋಟವನ್ನೂ ಗುಂಪಿನವರೇ ನೋಡಿ ಡೈರಿಯಲ್ಲಿ ದಾಖಲೆ ಇಡಬೇಕು. ಹೊರಗಿನ ಸಂಸ್ಥೆ ಕೆಲವನ್ನಷ್ಟೇ ಆರಿಸಿ ಪರೀಕ್ಷಿಸುತ್ತದೆ. ಹಾಗಾಗಿ ಒಬ್ಬರ ತಪ್ಪಿಗೆ ಎಲ್ಲರೂ ದಂಡ ತೆರಬೇಕಾದೀತು.

ಆ ತಪ್ಪುಗಳು ತೀರ ಸಣ್ಣವು. ಕೀಟನಾಶಕ ಹೊಡೆದ ಪಂಪನ್ನು ತೊಳೆಯದೆ ಎರವಲು ಕೊಡುವುದು, ಯೂರಿಯಾ ಚೀಲಕ್ಕೆ ಕಾಫಿ ಹಣ್ಣು ತುಂಬುವುದು, ಹಣ್ಣಿನ ಸಿಪ್ಪೆ ಬಿಡಿಸುವ ಬಾಡಿಗೆ ಯಂತ್ರದಲ್ಲಿ, ಅಂದರೆ ಪಲ್ಪರಿನಲ್ಲಿ, ಸಾವಯವ ಹಣ್ಣಿಗೆ ಸಾವಯವವಲ್ಲದ್ದು ಬೆರೆಯುವುದು. ಅರೇಬಿಕಾ ಕಾಫಿ ಗಿಡಕ್ಕೆ ಕಾಂಡ ಕೊರೆಯುವ ಹುಳು, ಕಾಂಡಕೊರಕ, ಬಿದ್ದರಂತೂ ಊರಿಗೂರೇ ಒಟ್ಟಾಗಬೇಕು. ತೋಟದ ಮರಗಳ ನೆರಳು ಕಾಯಬೇಕು, ಕಾಂಡದ ಸಡಿಲ ತೊಗಟೆ ಉಜ್ಜಿ ತೆಗೆಯಬೇಕು, 200 ಲೀಟರ್ ನೀರಿಗೆ 20 ಕಿಲೋ ಸುಣ್ಣ ಕಲಸಿ ಕಾಂಡಕ್ಕೆ ಹೊಡೆಯಬೇಕು. ಹುಳು ಹಿಡಿದ ಗಿಡವನ್ನು, ಆ ಹುಳು ದುಂಬಿಯಾಗಿ ಹಾರುವ ಏಪ್ರಿಲ್–ಮೇ, ಅಕ್ಟೋಬರ್–ಡಿಸೆಂಬರ್‌ಗೆ ಮೊದಲೇ ಬೇರುಸಹಿತ ಕಿತ್ತು ಸುಡಬೇಕು. ಪಕ್ಕದ ತೋಟದವರು ಕೀಳದಿದ್ದರೆ ಇವರು ಕಿತ್ತದ್ದೂ ದಂಡ. ಕಾಂಡದಲ್ಲಿ ಉಬ್ಬಿದ ಗೆರೆ ನೋಡಿ ಅಂಥ ಗಿಡ ಗುರುತಿಸುವವರು ತೋಟದ ಲೈನ್ ಮನೆಗಳಲ್ಲಿ (ಸಾಲು ವಸತಿಗಳಲ್ಲಿ) ಇರುವ ಕಾರ್ಮಿಕರು. ಅವರಿಗೆ ತರಬೇತಿ ಇಲ್ಲ, ಈ ಕೆಲಸಕ್ಕೆ ಬೇರೆ ಕೂಲಿ ಇಲ್ಲ ಎಂದಾದರೆ ಕಾಗದದ ಮೇಲಿನ ಸಾವಯವಕ್ಕೆ ಏನು ಅರ್ಥ?

ಕಾಫಿಯಂಥ ಬಹುವಾರ್ಷಿಕ ಬೆಳೆ ಸಾವಯವಕ್ಕೆ ಬದಲಾಗುವ ಪರಿವರ್ತನೆಯ ಅವಧಿ ಮೂರು ವರ್ಷ. ರಾಸಾಯನಿಕ ಗೊಬ್ಬರ ನಿಲ್ಲಿಸಿದ ತೋಟದ ಇಳುವರಿ ಕುಸಿಯುತ್ತದೆ, ಸಾವಯವವೆಂದು ಮಾರುವ ಹಾಗೂ ಇಲ್ಲ. ಗುಂಪುಗಳು ಒಡೆಯುವ ಅಪಾಯ ಹೆಚ್ಚಿರುವುದು ಆಗಲೇ.

ಆ ಮೂರು ವರ್ಷ, ಪ್ರತಿ 50 ತೋಟಕ್ಕೆ ಒಬ್ಬರಂತೆ ಡೈರಿ ಬರೆದು ತೋಟ ನೋಡುವ ಊರಿನವರೇ ಒಬ್ಬರಿಗೆ ಕಾಫಿ ಮಂಡಳಿಯಿಂದ ಸಂಬಳ ಕೊಡಿಸಿ. ಡೈರಿಯ ನಮೂನೆ ಕನ್ನಡದಲ್ಲಿರಲಿ. ಗಿಡ ಗುರುತಿಸುವ ಕಾರ್ಮಿಕರ ತರಬೇತಿಯ ದಿನಗಳಿಗೆ ಪೂರ್ತಿ ಕೂಲಿ ಸಿಗಲಿ. ಗುಂಪಿಗೊಂದು ಪ್ರತ್ಯೇಕ ಪಲ್ಪರ್‌ಗೂ ನೆರವು ಬೇಕು. ಮುಂದಿನ ಹಣ್ಣಿನ ಕೊಯ್ಲಿಗೆ ಮೊದಲೇ ಇದರ ಆದೇಶ ಹೊರಡಲಿ ಎಂಬುದು ನಮ್ಮ ಕಳಕಳಿಯ ಕೋರಿಕೆ.

ಇತಿ,
ಮುಂಬೈ ಉತ್ತರದ ಕನ್ನಡಿಗ ಕಾಫಿಪುಡಿ ವ್ಯಾಪಾರಿಗಳು