ಬಾರ್ಬಿಕನ್‌ನಲ್ಲಿ ಭದ್ರಾವತಿಯ ಶೀಲಾ ಗೌಡ

ಪ್ರಿಯ ಓದುಗರೇ,

ರಾಜ್ಯೋತ್ಸವದ ವರದಿ, ಫೋಟೊಗಳು ಒಳಪುಟದಲ್ಲಿವೆ. ಅದಕ್ಕೆ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಲಂಡನ್ನಿನ ಬಾರ್ಬಿಕನ್ ಆರ್ಟ್ ಗ್ಯಾಲರಿಯಲ್ಲಿ ‘ದಿ ಇಮ್ಯಾಜಿನರಿ ಇನ್‌ಸ್ಟಿಟ್ಯೂಷನ್ ಆಫ್ ಇಂಡಿಯಾ: ಆರ್ಟ್ 1975–1998’ ಪ್ರದರ್ಶನ ನಡೆಯಿತು. 2025ರ ಜನವರಿ 5ಕ್ಕೆ ಮುಗಿಯಿತು.

1975 ಅಂದರೆ ತುರ್ತು ಪರಿಸ್ಥಿತಿ. 1998 ಅಂದರೆ ಪೋಖ್ರಾನ್ ಅಣುಪರೀಕ್ಷೆ. ನಡುವೆ ಭೋಪಾಲದ ಅನಿಲ ದುರಂತ, ಇಂದಿರಾ ಹತ್ಯೆ, ಮಂಡಲ್ ಮೀಸಲಾತಿಯ ಗಲಾಟೆ, ಅಯೋಧ್ಯೆಯ ಮಸೀದಿ ಧ್ವಂಸ, ಕೇಬಲ್ ಟೀವಿ. ನಮ್ಮಲ್ಲಿ ಐವತ್ತು ದಾಟಿದವರೆಲ್ಲ ಬೆಳೆದದ್ದು ಈ ವರ್ಷಗಳಲ್ಲೇ ಅಲ್ವಾ? ಸುಮಾರು ಮೂವತ್ತು ಕಲಾವಿದರ 150ರಷ್ಟು ಕೃತಿಗಳು ಅಲ್ಲಿದ್ದವು.

ಆ ಮೂವತ್ತರಲ್ಲಿ ಶೀಲಾ ಗೌಡ ಒಬ್ಬರು. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು. ಬೆಂಗಳೂರಿನ ಕೆನ್ ಕಲಾಶಾಲೆ, ಬರೋಡ, ಶಾಂತಿನಿಕೇತನದಲ್ಲಿ ಕಲಿತು, ಇದೇ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ 1986ರಲ್ಲಿ ಎಂ.ಎ. ಮುಗಿಸಿದರು. ಮೊದಲು ಮಾಡುತ್ತಿದ್ದದ್ದು ಪೇಂಟಿಂಗ್. ಅಯೋಧ್ಯೆಯ ನಂತರದ ಹಿಂಸೆ ನೋಡಿದ ಮೇಲೆ ಬಣ್ಣ, ಕುಂಚ ಸಾಲದೆನಿಸಿ ಸಗಣಿ ಕೈಗೆತ್ತಿಕೊಂಡರು. ಪೂಜೆಗೂ ಬೇಕು, ಒಲೆಗೂ ಬೇಕು ಸಗಣಿ. ಬೆರಣಿ ತಟ್ಟುವುದು, ಅಂಗಳ ಸಾರಿಸುವುದು ಹೆಂಗಸರ ಕೆಲಸ, ಅದಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ. ಆ ಕೆಲಸವನ್ನೇ ಅವರು ಕಲೆಯ ನಡುಮನೆಗೆ ತಂದರು. 1998ರ ಹೊತ್ತಿಗೆ ನೂಲು, ಸೂಜಿ, ಕುಂಕುಮ ಬಂದವು. ಉದ್ದುದ್ದ ನೂಲನ್ನು ಸೂಜಿಯ ಕಣ್ಣಿನಲ್ಲಿ ಪೂರ್ತಿ ಎಳೆದು, ಅಂಥ ಎಷ್ಟೋ ಎಳೆ ಸೇರಿಸಿ, ಕುಂಕುಮ ಮತ್ತು ಅಂಟು ಸವರಿ ಹಗ್ಗ ಮಾಡಿದರು. ತುದಿಯಲ್ಲಿ ಸೂಜಿಗಳ ಗೊಂಚಲು. ದೂರದಿಂದ ಚೆಂದದ ಕೆಂಪು ಹಗ್ಗ. ಹತ್ತಿರ ಹೋದರೆ ಮೈ ಜುಮ್ಮೆನ್ನುತ್ತದೆ. ನಮ್ಮ ಮನೆಗಳಲ್ಲಿ ದಿನಾ ಕಾಣುವ ಸಾಮಾನಿನಿಂದ ಇಷ್ಟು ಗಟ್ಟಿ ಮಾತು ಆಡಿದವರು ಕಡಿಮೆ. ಈ ಊರಿನ ಕನ್ನಡದ ಮಕ್ಕಳಿಗೆ ಅವರ ಹೆಸರು ಗೊತ್ತಿರಬೇಕು ಎಂಬುದು ನನ್ನ ಆಸೆ.

ನಳಿನಿ ಮಲಾನಿ ಅವರ 1998ರ ವಿಡಿಯೊ ಕೃತಿಯೂ ಅಲ್ಲಿತ್ತು. ಅಣುಪರೀಕ್ಷೆಗೆ ಅವರು ಕೊಟ್ಟ ಉತ್ತರ ಅದು. ದೇಶವಿಭಜನೆಯ ಬಗ್ಗೆ ಉರ್ದು ಕಥೆಗಾರ ಮಂಟೊ ಬರೆದ ಕಥೆಯ ನೆನಪಿನಲ್ಲಿ ಮಾಡಿದ್ದು. ನೆಲದ ಮೇಲೆ ಹನ್ನೆರಡು ತಗಡಿನ ಟ್ರಂಕು, ಒಂದೊಂದರಲ್ಲೂ ಒಂದು ಟೀವಿ. ಎದುರುಬದುರು ಗೋಡೆಗಳ ಮೇಲೆ ಇಬ್ಬರು ಹೆಂಗಸರು. ಒಂದು ಸೀರೆಯನ್ನು ಆ ಕಡೆ ಈ ಕಡೆ ಹಿಡಿದು ಮಡಚಲು ನೋಡುತ್ತಾರೆ. ನಡುವೆ ಇಡೀ ಕೋಣೆ ಇದೆ, ಮಡಚಲು ಆಗುವುದಿಲ್ಲ. ನಾನು ಅಲ್ಲಿ ತುಂಬ ಹೊತ್ತು ನಿಂತಿದ್ದೆ.

ಸವೀಂದ್ರ ಸಾವರ್ಕರ್ ಅವರ ದಲಿತ ಬದುಕಿನ ಚಿತ್ರಗಳ ಮುಂದೆ ದಲಿತ ಸಂಘರ್ಷ ಸಮಿತಿಯ ದಿನಗಳು ನೆನಪಾದವು. ಭೂಪೇನ್ ಖಖ್ಖರ್ ಅವರ 1982ರ ‘ಟೂ ಮೆನ್ ಇನ್ ಬನಾರಸ್’ ನೋಡಿ ಕೆಲವರಿಗೆ ಮುಜುಗರ ಆಗಬಹುದು. ಇಬ್ಬರು ಗಂಡಸರ ಪ್ರೀತಿ ಕಾನೂನಿನ ಕಣ್ಣಲ್ಲಿ ಅಪರಾಧವಾಗಿದ್ದ ಕಾಲದಲ್ಲಿ ಬರೆದ ಚಿತ್ರ ಅದು. ಆ ಅಪರಾಧದ ಪಟ್ಟ ಹೋಗಿದ್ದು 2018ರಲ್ಲಿ. ಸುಮ್ನೆ ದಾಟಿ ಹೋಗುವ ಚಿತ್ರ ಅಲ್ಲ.

ಊರಿನಿಂದ ಅಪ್ಪ ಅಮ್ಮ ಬಂದಿದ್ದರೆ ಅವರ ಜೊತೆ ಕೂತು ಈ ವರ್ಷಗಳ ಬಗ್ಗೆ ಮಾತಾಡಿ. ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲಿನಲ್ಲಿದ್ದು, ಬಿಡುಗಡೆಯಾದ ಕೆಲವೇ ದಿನಕ್ಕೆ ತೀರಿಕೊಂಡ ನಟಿ ಸ್ನೇಹಲತಾ ರೆಡ್ಡಿ ಅವರ ಬಗ್ಗೆ ಮಕ್ಕಳಿಗೆ ಹೇಳಬಲ್ಲವರು ಅವರೇ. ಆ ದಿನಗಳಲ್ಲಿ ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಏನಾಯಿತು ಎಂದು ಕೇಳಿ, ಬರೆದು ಕಳಿಸಿ. ಒಂದು ಪುಟವಾದರೂ ಸಾಕು, ಕೈಬರಹವಾದರೂ ಸರಿ. ಯುಗಾದಿ ಸಂಚಿಕೆಯಲ್ಲಿ ಜಾಗ ಕಾದಿರಿಸಿದ್ದೇವೆ.

ಇಂತಿ,
ಸಂಪಾದಕರು