ನಮ್ಮೂರಿನ ಆಶಾ ಅಕ್ಕನಿಗೆ ಧನ್ಯವಾದ

ಹೆಸರು ಹಾಕಬೇಡ ಅಂದಿರಿ, ಹಾಗಾಗಿ ನಮ್ಮೂರಿನ ಆಶಾ ಕಾರ್ಯಕರ್ತೆಯಾದ ನಿಮ್ಮನ್ನು ಆಶಾ ಅಕ್ಕ ಅಂತಲೇ ಬರೆಯುತ್ತೇನೆ. ನಮ್ಮ ಮಗುವಿಗೆ 9 ತಿಂಗಳ ದಡಾರ-ರುಬೆಲ್ಲಾ ಲಸಿಕೆಯೂ ಆಯಿತು. ಇದು ನಿಮ್ಮಿಂದ.

ಹುಟ್ಟಿದಾಗ ಕ್ಷಯದ ವಿರುದ್ಧ ಕೊಡುವ ಬಿಸಿಜಿಯಿಂದ ಹಿಡಿದು 10 ವಾರದ ಪೆಂಟಾವೇಲೆಂಟ್‌ (ಐದು ರೋಗ ತಡೆಯುವ ಲಸಿಕೆ) ವರೆಗೆ ಎಲ್ಲ ತವರಿನಲ್ಲೇ ಆಗಿತ್ತು. ಬಾಣಂತನ ಮುಗಿಸಿ ಗಂಡನ ಮನೆಗೆ ಬಂದರೆ ಇಲ್ಲಿನ ಪಟ್ಟಿಯಲ್ಲಿ ಮಗುವಿನ ಹೆಸರೇ ಇರಲಿಲ್ಲ. ಹೀಗೆ ಊರು ಬದಲಾದಾಗಲೇ ಎಷ್ಟೋ ಮಕ್ಕಳಿಗೆ ಲಸಿಕೆ ತಪ್ಪಿಹೋಗುತ್ತದೆ, ಅಲ್ವಾ? ನೀವೇ ಹುಡುಕಿಕೊಂಡು ಬಂದು, ತಾಯಿ ಕಾರ್ಡ್ ನೋಡಿ ಬರೆದುಕೊಂಡಿರಿ.

ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದು. ಹಿಂದಿನ ಸೂಜಿಗೆ ಮಗುವಿಗೆ ಜ್ವರ ಬಂದಿತ್ತು. ಅದಕ್ಕೇ ಅತ್ತೆಯವರು ಇನ್ನು ಸೂಜಿ ಬೇಡವೇ ಬೇಡ ಅಂದಿದ್ದರು. ನೀವು ನನಗೆ ಬುದ್ಧಿ ಹೇಳಲಿಲ್ಲ, ಅವರ ಪಕ್ಕ ಕೂತಿರಿ. ಮನೆಯಲ್ಲಿ ತೀರ್ಮಾನ ಯಾರದ್ದು ಅಂತ ನಿಮಗೆ ಗೊತ್ತಿತ್ತು. ಈ ಜ್ವರ ಸಾಮಾನ್ಯ, ಜಾಸ್ತಿ ಅಂದರೆ ಒಂದೆರಡು ದಿನ, ಆಮೇಲೆ ಇಳಿಯುತ್ತದೆ ಅಂತ ಸಮಾಧಾನವಾಗಿ ಹೇಳಿದಿರಿ. ಈ ಸೂಜಿ ತಡೆಯುವುದು ಗಂಟಲುಮಾರಿ, ನಾಯಿಕೆಮ್ಮಿನಂಥ ರೋಗಗಳನ್ನು ಅಂದಕೂಡಲೇ ಅವರಿಗೆ ತಾವು ಚಿಕ್ಕಂದಿನಲ್ಲಿ ಕಂಡದ್ದೆಲ್ಲ ನೆನಪಾಯಿತು. 14 ವಾರದ ಲಸಿಕೆಗೆ ಮಗುವನ್ನು ಅಂಗನವಾಡಿಗೆ ಎತ್ತಿಕೊಂಡು ಹೋದವರು ಅವರೇ.

16 ತಿಂಗಳು ತುಂಬಿದ ಮೇಲಿನ ಬೂಸ್ಟರ್‌ಗೂ ಅವರೇ ಬರುತ್ತಾರಂತೆ. ತುಂಬಾ ಧನ್ಯವಾದ, ಅಕ್ಕ.